ಪೈಲ್ವಾನರು ಆಡದ ನಾಲ್ಕು ಸಾಲು

ಸಭೆಯ ಅಧ್ಯಕ್ಷರಾದ ಸಂಪಾದಕರೇ, ವೇದಿಕೆಯ ಗಣ್ಯರೇ, ಮುಂದಿನ ಸಾಲನ್ನು ಒಬ್ಬರೇ ಮುಕ್ಕಾಲು ತುಂಬಿರುವ ನಿವೃತ್ತ ಸುಮೊ ಪೈಲ್ವಾನ ಕಿಯೊಸೆಯಾಮ ಅವರೇ, ಅವರ ಪಕ್ಕದಲ್ಲಿ ಉಳಿದ ಜಾಗದಲ್ಲಿ ಕೂತಿರುವ ಅವರ ಗುರುಪತ್ನಿ ತೊಮಿಕೊ ಅವರೇ, ಮತ್ತು ಸಭಿಕರೇ,

ನಿವೃತ್ತನಾಗುತ್ತಿರುವ ಈ ಕ್ರೀಡಾ ಬರಹಗಾರನನ್ನು ಬಹಳ ಹೊಗಳಿದಿರಿ. ಮೂವತ್ತು ವರ್ಷಗಳಲ್ಲಿ ಹನ್ನೊಂದು ಮಂದಿ ಆಟಗಾರರ ಆತ್ಮಕಥೆಗಳಿಗೆ ನಾನು ಸಹಲೇಖಕ. ಹನ್ನೊಂದು ಸಲ ಬೇರೆಯವರ 'ನಾನು' ಆಗಿದ್ದೇನೆ. ಮನೆಯಲ್ಲಿ ಮಾತ್ರ ಬಾಯಿಗೆ ಬೀಗ ಎಂದು ನನ್ನ ಹೆಂಡತಿ ದೂರುತ್ತಾಳೆ. ಅದು ನಿಜ. ಇಂದು ನನ್ನದೇ ಒಂದು ಮಾತು ಹೇಳಿಬಿಡುತ್ತೇನೆ, ಮುಂದೆ ಕೂತಿರುವ ಇಬ್ಬರ ಒಪ್ಪಿಗೆ ಪಡೆದು.

ಸುಮೊ ಗರಡಿಯಲ್ಲಿ ಮೊದಲು ಕಲಿಸುವುದೇ ಬಾಯಿ ಮುಚ್ಚಿಕೊಂಡಿರುವುದನ್ನು. ಗೆದ್ದರೂ ಎರಡು ಮಾತು, ಸೋತರೂ ಎರಡೇ ಮಾತು. ಅಂಥವರಿಂದ ಇನ್ನೂರು ಪುಟ ಹಿಂಡುವುದು ಹೇಗೆ, ನೀವೇ ಹೇಳಿ? ಹದಿನೇಳರ ವಯಸ್ಸಿನಲ್ಲಿ ಕಿಯೊಸೆಯಾಮ ಗರಡಿಯಿಂದ ಓಡಿಹೋಗಿದ್ದರು. ಗರಡಿಯ ಹುಡುಗರೆಲ್ಲ 'ಅಮ್ಮ' ಎನ್ನುವ ತೊಮಿಕೊ ಅವರೇ ಉಯೆನೊ ರೈಲು ನಿಲ್ದಾಣದಲ್ಲಿ ಹುಡುಕಿ ಕರೆತಂದರು. ಅವರ ಆತ್ಮಕಥೆ ಬರೆಯುವಾಗ, ಆ ದಿನ ಏನನಿಸಿತು ಎಂದು ಕೇಳಿದೆ. "ಹಸಿವು," ಎಂದರು. ಅಷ್ಟೆ.

ನಾನು ನಾಲ್ಕು ಸಾಲು ಸೇರಿಸಿದೆ. 'ಅಮ್ಮ, ಅಂದು ನಿಮ್ಮ ಮುಖ ನೋಡಲಾರದೆ ಹೋದೆ, ಇಂದಿಗೂ ಕ್ಷಮೆ ಕೇಳಿಲ್ಲ' ಎಂಬ ಧಾಟಿಯಲ್ಲಿ. ಕರಡು ಕಳಿಸಿದರೆ ಪೈಲ್ವಾನರು ಓದದೆಯೇ ಒಪ್ಪಿಗೆಯ ಮೊಹರು ಒತ್ತಿ ವಾಪಸ್ ಮಾಡಿದರು.

ಪುಸ್ತಕ ಬಂದ ವಾರಕ್ಕೆ ತೊಮಿಕೊ ಅವರ ಪತ್ರ ಹಿಡಿದು ಪೈಲ್ವಾನರು ನನ್ನ ಕಚೇರಿಗೆ ಬಂದರು. ಆ ಪುಟ ಓದಿ ಅತ್ತುಬಿಟ್ಟೆ ಎಂದು ಆಕೆ ಬರೆದಿದ್ದರು.

"ಇದನ್ನ ನಾನು ಹೇಳಿದ್ನಾ ಮೇಷ್ಟ್ರೇ?"

"ಇಲ್ಲಪ್ಪ. ನಾನೇ ಬರೆದೆ."

ಕೆಲಸ ಹೋಯಿತು ಅಂದುಕೊಂಡೆ. ಅದಕ್ಕಿಂತ, ಒಬ್ಬ ವೃದ್ಧೆಯನ್ನು ಸುಳ್ಳು ಹೇಳಿ ಅಳಿಸಿದೆನಲ್ಲ ಎಂದು ನಾಚಿಕೆಯಾಯಿತು.

"ಹಾಗಾದ್ರೆ ಆ ಕ್ಷಮೆ ನಾನೇ ಹೋಗಿ ಕೇಳ್ಬೇಕು. ನೀವೂ ಬನ್ನಿ," ಎಂದರು. ನಿವೃತ್ತಿಯ ನಂತರ ಅವರು ಗರಡಿಯ ಕಡೆ ತಲೆ ಹಾಕಿರಲಿಲ್ಲ.

ಗರಡಿಯ ಬಾಗಿಲಲ್ಲಿ ತೊಮಿಕೊ ಅವರ ಮುಂದೆ ಮಂಡಿಯೂರಿ ಹಣೆ ನೆಲಕ್ಕೆ ಮುಟ್ಟಿಸಿದರು. ಮೇಲೇಳಲೇ ಇಲ್ಲ. ನಾನೇ ಒಪ್ಪಿಕೊಂಡೆ. "ಅಮ್ಮ, ಆ ಸಾಲು ಇವರದಲ್ಲ, ನಂದು."

"ಗೊತ್ತು ಕಣಪ್ಪ. ನಾನು ಸಾಕಿದ ಹುಡುಗ, ಇವನಿಗೆ ಅಷ್ಟು ಮಾತು ಎಲ್ಲಿಂದ ಬರ್ಬೇಕು? ಪತ್ರ ಹಾಕಿದ್ರಾದ್ರೂ ಬರ್ತಾನಾ ನೋಡೋಣ ಅಂತ ಹಾಕ್ದೆ. ಅತ್ತುಬಿಟ್ಟೆ ಅಂತ ಬರ್ದಿದ್ದೂ ಸುಳ್ಳೇ." ಆಮೇಲೆ ಪೈಲ್ವಾನರ ಬೆನ್ನ ಮೇಲೆ ಕೈಯಿಟ್ಟು ಸೆರಗಿಲ್ಲದ ಆ ಕಿಮೊನೊದ ತೋಳಿನಿಂದಲೇ ಕಣ್ಣೊರೆಸಿಕೊಂಡರು. "ಏಳೋ. ಈಗ ನೋಡು, ನಿಜಕ್ಕೂ ಅಳು ಬಂತು."

ಅವರಿಬ್ಬರೂ ಅಂದೇ ನನ್ನನ್ನು ಕ್ಷಮಿಸಿದರು. ಓದುಗರಾದ ನಿಮಗೆ ಹೇಳಲು ಆರು ವರ್ಷ ಹಿಡಿಯಿತು. ಈಗ ಎದೆ ಹಗುರಾಗಿದೆ. ಕೂಗಾಡದೆ ಕೇಳಿಸಿಕೊಂಡಿರಿ, ನಿಮಗೆಲ್ಲ ಋಣಿ. ನಮಸ್ಕಾರ.