ಕಪಾಟಿನಲ್ಲಿ ಉಳಿದ ಮಾರ್ಕ್ಸ್ ಕಾರ್ಡು

ಇವತ್ತು ಪ್ರವಚನ ಹೇಳಲು ಮಠಕ್ಕೆ ಬರುವಾಗ ಬಸ್‌ಸ್ಟ್ಯಾಂಡಿನ ಮುಂದೆ ಹಾಯ್ದು ಬಂದೆ. ಎಷ್ಟು ಫ್ಲೆಕ್ಸು! ಫಲಿತಾಂಶ ಬಂದು ಮೂರು ದಿನ ಆಗಿಲ್ಲ, ಕಂಬ ಕಂಬದ ಮೇಲೂ ನಮ್ಮೂರ ಮಕ್ಕಳು ನಗುತ್ತಿದ್ದಾರೆ. ಸಂತೋಷ, ನಗಲಿ, ಕಷ್ಟಪಟ್ಟು ಓದಿದ್ದಾರೆ. ಆದರೆ ನೋಡಿ, ಮಗುವಿನ ಫೋಟೋ ಇಷ್ಟೇ ಇಷ್ಟು, ಶುಭ ಕೋರುವ ಧುರೀಣರ ಫೋಟೋ ಅಷ್ಟಗಲ. ಕೈ ಮುಗಿದವರು, ಕೈ ಬೀಸಿದವರು, ಫೋನು ಕಿವಿಗೆ ಹಿಡಿದವರು. ಆ ಮಗುವಿಗೆ ಅಕ್ಷರ ಕಲಿಸಿದವರ ಫೋಟೋ ಎಲ್ಲಿದೆ ಎಂದು ಕಾರು ನಿಲ್ಲಿಸಿ ಹುಡುಕಿದೆ. ಸಿಗಲಿಲ್ಲ. ಹೋಗಲಿ, ಹೆಸರಾದರೂ? ಅದೂ ಇಲ್ಲ. ಫ್ಲೆಕ್ಸು ಮಾಡಿಕೊಟ್ಟ ಅಂಗಡಿಯ ಹೆಸರು ಮಾತ್ರ ಮೂಲೆಯಲ್ಲಿತ್ತು, ಫೋನ್ ನಂಬರಿನ ಸಮೇತ.

ನಗಬೇಡಿ. ಈಗ ಜೋರಾಗಿ ನಕ್ಕವರ ಮನೆಯ ಫ್ಲೆಕ್ಸೇ ಅದು.

ಅದಕ್ಕೇ ಇವತ್ತು ಒಂದು ಕಥೆ ಹೇಳುತ್ತೇನೆ. ನಮ್ಮ ಪುರಾಣದ್ದಲ್ಲ, ನಮ್ಮ ಮತದ್ದೂ ಅಲ್ಲ. ಒಳ್ಳೆಯ ಮಾತಿಗೆ ಯಾವ ಮತ? ಈ ಕಥೆಯಲ್ಲಿ ಯಾರ ಹೆಸರನ್ನೂ ಹೇಳುವುದಿಲ್ಲ. ಒಂದೇ ಒಂದು ಹೆಸರು ಬರುತ್ತದೆ, ಕೊನೆಯ ಹತ್ತಿರ ಬರುತ್ತದೆ. ಅದು ಬಂದಾಗ ನಿದ್ದೆ ಮಾಡಬೇಡಿ.

ಮುಂಬಯಿ ಕಡೆ ಸಮುದ್ರದ ದಂಡೆಯ ಮೇಲೆ ಒಂದೂರು. ಅಲ್ಲೊಬ್ಬ ಎಣ್ಣೆ ಸಾಹುಕಾರ. ಅವನು ಯೆಹೂದ್ಯ. ಯೆಹೂದ್ಯರು ನಮ್ಮ ದೇಶದಲ್ಲಿ ಎಲ್ಲಿದ್ದಾರೆ ಎನ್ನುತ್ತೀರಾ? ಇದ್ದಾರೆ. ಕೊಂಕಣದ ದಂಡೆಯಲ್ಲಿ ನೂರಾರು ವರ್ಷದಿಂದ ಇದ್ದಾರೆ, ನಮ್ಮ ಹಾಗೆಯೇ ಅವಲಕ್ಕಿ ತಿಂದುಕೊಂಡು, ಮರಾಠಿ ಮಾತಾಡಿಕೊಂಡು. ಹಿಂದೆ ಅವರದು ಗಾಣದ ಕೆಲಸ. ವಾರದಲ್ಲಿ ಆರು ದಿನ ಗಾಣ ತಿರುಗುತ್ತಿತ್ತು, ಶನಿವಾರ ಎತ್ತಿಗೂ ರಜೆ, ಮನುಷ್ಯನಿಗೂ ರಜೆ. ಅದಕ್ಕೆ ಊರಿನವರು ಅವರನ್ನು ‘ಶನಿವಾರದ ಗಾಣಿಗರು’ ಎಂದೇ ಕರೆಯುತ್ತಿದ್ದರು. ಶುಕ್ರವಾರ ಸೂರ್ಯ ಮುಳುಗಿದರೆ ಮುಗಿಯಿತು, ಶನಿವಾರ ಸಂಜೆ ಚುಕ್ಕೆ ಮೂಡುವ ತನಕ ಒಲೆ ಹಚ್ಚುವಂತಿಲ್ಲ, ವ್ಯಾಪಾರ ಮಾಡುವಂತಿಲ್ಲ, ಪೆನ್ಸಿಲ್ ಹಿಡಿದು ಒಂದು ಅಕ್ಷರ ಬರೆಯುವಂತಿಲ್ಲ. ಈ ಪೆನ್ಸಿಲ್ ವಿಷಯ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಆ ಊರಲ್ಲಿ ಯೆಹೂದ್ಯರು ಕಟ್ಟಿಸಿದ ಒಂದು ಶಾಲೆ. ಒಂದು ಕಾಲಕ್ಕೆ ಅವರ ಮಕ್ಕಳೇ ತುಂಬಿದ್ದರು. ಈಗ ಅವರ ಮಕ್ಕಳು ಬೆರಳಲ್ಲಿ ಎಣಿಸುವಷ್ಟು, ಉಳಿದವರೆಲ್ಲ ಸುತ್ತಲಿನ ಓಣಿಗಳ ಮುಸಲ್ಮಾನರ ಮಕ್ಕಳು, ಮೀನುಗಾರರ ಮಕ್ಕಳು, ಮರಾಠರ ಮಕ್ಕಳು. ಶಾಲೆ ಮಾತ್ರ ಹಳೆಯ ಪದ್ಧತಿ ಬಿಟ್ಟಿಲ್ಲ. ಈಗಲೂ ಶನಿವಾರ ಸೂಟಿ, ಭಾನುವಾರ ಪಾಠ. ವರ್ಷದ ಕೊನೆಯ ದಿನ ಬಹುಮಾನ ಹಂಚುತ್ತಾರೆ. ಅವತ್ತು ದೊಡ್ಡ ಪರಾತದ ತುಂಬ ಅವಲಕ್ಕಿ, ಬೆಲ್ಲ, ತೆಂಗಿನಕಾಯಿ ತುರಿ, ಬಾಳೆಹಣ್ಣು ಕಲಸಿ ನಡುವೆ ಇಡುತ್ತಾರೆ. ಅದಕ್ಕೆ ಮಲೀದಾ ಎನ್ನುತ್ತಾರೆ. ಒಳ್ಳೆಯದು ಏನಾದರೂ ನಡೆದರೆ ದೇವರಿಗೆ ‘ನಿನ್ನಿಂದ ಆಯ್ತಪ್ಪಾ’ ಎಂದು ಹೇಳಿ ಅದನ್ನು ಹಂಚಿಕೊಂಡು ತಿನ್ನುವುದು ಅವರ ವಾಡಿಕೆ.

ಆ ಶಾಲೆಯದೇ ಇನ್ನೊಂದು ರೂಢಿ ಕೇಳಿ. ಅಲ್ಲಿ ಮಾರ್ಕ್ಸ್ ಕಾರ್ಡು ಸುಮ್ಮನೆ ಕೊಡುವುದಿಲ್ಲ. ಮಗು ವೇದಿಕೆಗೆ ಬರಬೇಕು, ‘ನನಗೆ ಇದನ್ನು ಕಲಿಸಿದವರು ಇಂಥವರು’ ಎಂದು ಒಂದು ಹೆಸರು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಹೆಸರು ಹೇಳಿದರೆ ಕಾರ್ಡು. ಹೇಳದಿದ್ದರೆ? ಕಾರ್ಡು ಕಪಾಟಿಗೆ. ಯಾರಿಂದ ಕಲಿತೆವೋ ಅವರ ಹೆಸರು ನುಂಗಿದರೆ ಕಲಿತದ್ದೂ ಕದ್ದ ಮಾಲೇ ಎಂದು ಆ ಶಾಲೆ ಕಟ್ಟಿಸಿದ ಹಿರಿಯರ ಲೆಕ್ಕ.

ಆ ವರ್ಷವೂ ಸಭೆ ತುಂಬಿತ್ತು. ಹೀಬ್ರೂ ಓದುವುದರಲ್ಲಿ ಮೊದಲ ಬಹುಮಾನ ಬಂದದ್ದು ಒಬ್ಬ ಮುಸಲ್ಮಾನರ ಹುಡುಗನಿಗೆ. ಅವನು ಹೀಬ್ರೂ ಮಾಸ್ತರರ ಹೆಸರು ಹೇಳಿದ. ಚಿತ್ರದಲ್ಲಿ ಗೆದ್ದ ಹುಡುಗಿ ಹಡಗಿಗೆ ಬಣ್ಣ ಬಳಿಯುವ ತನ್ನ ಮಾವನ ಹೆಸರು ಹೇಳಿದಳು. ಓಟದಲ್ಲಿ ಗೆದ್ದವನು ಓಣಿಯ ನಾಯಿಯ ಹೆಸರು ಹೇಳಿದ. ನಿಜ! ದಿನಾ ಬೆನ್ನಟ್ಟಿ ಓಡಿಸಿದ್ದು ಅದೇ ಅಲ್ಲವೇ? ನಾಯಿಗೂ ಚಪ್ಪಾಳೆ ಬಿತ್ತು.

ಕೊನೆಗೆ ಏಳನೆಯ ತರಗತಿ. ಶಾಲೆಗೇ ಮೊದಲು ಬಂದವಳು ನಮ್ಮ ಸಾಹುಕಾರನ ಮೊಮ್ಮಗಳು. ಸಾಹುಕಾರ ಮುಂದಿನ ಸಾಲಿನಲ್ಲಿ ಕೂತಿದ್ದಾನೆ, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು. ಮನೆಯಿಂದ ಹೊರಡುವಾಗಲೇ ಮೊಮ್ಮಗಳಿಗೆ ಪಾಠ ಹೇಳಿಕೊಟ್ಟಿದ್ದ. ಅವರು ಮಾತಾಡುವುದು ಮರಾಠಿ, ನಾನು ನಮ್ಮ ಮಾತಿನಲ್ಲೇ ಹೇಳುತ್ತೇನೆ.

“ಏನ ಹೇಳಬೇಕು ಗೊತ್ತದ ಅಲ್ಲ? ‘ನಮ್ಮಜ್ಜ’ ಅನ್ನು. ಸಣ್ಣ ದನೀಲೆ ಅನಬ್ಯಾಡ, ಹಿಂದಿನ ಸಾಲಿಗೂ ಕೇಳಬೇಕು. ಟ್ಯೂಷನ್ ಹಚ್ಚಿದವರ್‍ಯಾರು? ಕಾರಿನಾಗ ಕಳಿಸಿದವರ್‍ಯಾರು?”

ಹುಡುಗಿ ವೇದಿಕೆಗೆ ಬಂದಳು. ದೊಡ್ಡ ಅಕ್ಕೋರು, ಅಂದರೆ ಹೆಡ್‌ಮಿಸ್ಟ್ರೆಸ್ಸು, ಕಾರ್ಡು ಕೈಯಲ್ಲಿ ಹಿಡಿದು ಕೇಳಿದರು: “ಹೇಳವ್ವ. ನಿನಗ ಕಲಿಸಿದವರು ಯಾರು?”

ಹುಡುಗಿ ಅಜ್ಜನನ್ನು ನೋಡಿದಳು, ನೆಲ ನೋಡಿದಳು. ಅಜ್ಜನ ಹೆಸರು ಹೇಳಿದರೆ ಸುಳ್ಳು. ಬೇರೆ ಹೆಸರು ಹೇಳಿದರೆ ಅಜ್ಜನಿಗೆ ಎಲ್ಲರ ಮುಂದೆ ಅವಮಾನ. ಹನ್ನೆರಡು ವರ್ಷದ ಮಗು ಏನು ಮಾಡಬೇಕು? ಯೋಚಿಸಿ, ತಾಯಂದಿರೇ. ನಾವು ಎಷ್ಟು ಸಲ ನಮ್ಮ ಮಕ್ಕಳನ್ನು ಅಂಥ ಜಾಗದಲ್ಲಿ ನಿಲ್ಲಿಸಿದ್ದೇವೆ? ಸಭೆಯಲ್ಲಿ ಗುಸುಗುಸು ಶುರುವಾಯಿತು. ಅಕ್ಕೋರು ಇನ್ನೊಮ್ಮೆ ಕೇಳಿದರು. ಹುಡುಗಿಯ ಕಣ್ಣಲ್ಲಿ ನೀರು ಬಂತೇ ಹೊರತು ಬಾಯಲ್ಲಿ ಹೆಸರು ಬರಲಿಲ್ಲ. ಅಕ್ಕೋರು ಕಾರ್ಡು ಮೇಜಿನ ಮೇಲೆ ಬೋರಲು ಇಟ್ಟರು.

ಸಾಹುಕಾರ ಎದ್ದೇಬಿಟ್ಟ. “ಇದೇನ್ರಿ ಹಳೇ ಹುಚ್ಚು ಪದ್ಧತಿ? ಸಾಲಿಗೇ ಮೊದಲ ಬಂದಾಳ. ಆಕೀ ಕಾರ್ಡು ಆಕೀಗೆ ಕೊಡಲಿಕ್ಕೆ ಯಾರ ಹೆಸರು ಯಾಕ ಬೇಕು?”

ಅಕ್ಕೋರಿಗೆ ಸಿಟ್ಟು ಬರಲಿಲ್ಲ. “ಸಾವಕಾರ್ರ, ಇಷ್ಟು ವರ್ಷದಾಗ ಈ ಸಾಲಿಯೊಳಗ ಹೆಸರು ಹೇಳದ ಉಳಿದ ಕಾರ್ಡು ಒಂದ ಒಂದದ. ನೋಡತೀರೇನು?” ಎಂದವರೇ ಒಳಗೆ ಹೋಗಿ, ಕಪಾಟು ತೆರೆದು, ಹಳದಿಯಾದ ಒಂದು ಕಾರ್ಡು ತಂದು ಅವನ ಕೈಗೆ ಕೊಡದೆ ಮೊಮ್ಮಗಳ ಕೈಗೆ ಕೊಟ್ಟರು. ಹುಡುಗಿ ಓದಿದಳು. ತರಗತಿ ಏಳು. ಲೆಕ್ಕ, ನೂರಕ್ಕೆ ತೊಂಬತ್ತೆಂಟು. ವಿದ್ಯಾರ್ಥಿಯ ಹೆಸರು...

“ಅಜ್ಜಾ, ಇದು ನಿಂದು!”

ಐವತ್ತು ವರ್ಷದ ಹಿಂದಿನ ಕಾರ್ಡು. ಅವತ್ತು ಇದೇ ವೇದಿಕೆಯ ಮೇಲೆ, ‘ಯಾರು ಕಲಿಸಿದರು’ ಎಂದು ಕೇಳಿದಾಗ ಆ ಹುಡುಗ ಎದೆ ಸೆಟೆಸಿ ‘ಯಾರೂ ಇಲ್ಲ, ನಾನೇ ಕಲಿತೆ’ ಎಂದಿದ್ದ. ಆಗಿನ ಹೆಡ್‌ಮಾಸ್ತರರು ‘ಹೆಸರು ನೆನಪಾದಾಗ ಬಾರಪ್ಪ’ ಎಂದು ಕಾರ್ಡನ್ನು ಕಪಾಟಿಗೆ ಸೇರಿಸಿದ್ದರು. ಹುಡುಗ ಮನೆಯ ಎಣ್ಣೆ ವ್ಯಾಪಾರಕ್ಕೆ ಕೂತ. ಎಣ್ಣೆ ಅಳೆಯಲು ಮಾರ್ಕ್ಸ್ ಕಾರ್ಡು ಯಾಕೆ ಬೇಕು? ಹಾಗೇ ಐವತ್ತು ವರ್ಷ ಹೋಯಿತು.

ಮೊಮ್ಮಗಳು ಕೇಳಿದಳು, ಮಕ್ಕಳು ಕೇಳುವ ಹಾಗೆ, ಯಾವ ಕುಹಕವೂ ಇಲ್ಲದೆ: “ಅಜ್ಜಾ, ನಿನಗ ಖರೇನ ಯಾರೂ ಕಲಿಸಲಿಲ್ಲೇನು?”

ನೋಡಿ, ಬೇರೆಯವರು ಕೇಳಿದ್ದರೆ ಆ ಸಾಹುಕಾರ ಬೈದು ಎದ್ದು ಹೋಗುತ್ತಿದ್ದ. ಮೊಮ್ಮಗಳು ಕೇಳಿದಳು. ಅವನು ಕುರ್ಚಿ ಹಿಡಿದುಕೊಂಡು ನಿಂತ. ನಿಂತು ಹೇಳಿದ:

“ಕಲಿಸಿದರವ್ವ. ಲೆಕ್ಕದ ಪರೀಕ್ಷೆ ಭಾನುವಾರ ಇತ್ತು. ಶನಿವಾರ ನಾನು ಪೆನ್ಸಿಲ್ ಮುಟ್ಟಂಗಿಲ್ಲ. ಬಾಜೂ ಮನಿ ಹುಡುಗಿ, ನನ್ನ ಕ್ಲಾಸಿನಾಕಿ, ನಮ್ಮ ಕಟ್ಟಿ ಮ್ಯಾಲ ಪಾಟಿ ಹಿಡಕೊಂಡು ಕೂತಳು. ನಾ ಬಾಯಿಲೆ ಹೇಳೋದು, ಆಕಿ ಬರಿಯೋದು. ನಾ ತಪ್ಪಿದಲ್ಲೆ ನಿಲ್ಲಿಸಿ ತಿದ್ದೋದು. ಮುಂಜಾನಿಂದ ಸಂಜಿ ತನಕ. ನಮ್ಮಪ್ಪ ಅವತ್ತು ಊರಾಗ ಇದ್ದಿಲ್ಲ. ಭಿನ್ನರಾಶಿ ನನ್ನ ತಲಿಗೆ ಹೋಗಿದ್ದು ಅವತ್ತ.”

“ಮತ್ತ ಯಾಕ ಹೇಳಲಿಲ್ಲ?”

“ನಮ್ಮಪ್ಪ ಸಭಾದಾಗ ಕೂತಿದ್ದ. ಶನಿವಾರ ದಿನ ಲೆಕ್ಕ ಮಾಡೀನಿ ಅಂತ ಗೊತ್ತಾದರ? ಪೆನ್ಸಿಲ್ ಮುಟ್ಟಿದ್ದಿಲ್ಲ ಖರೆ, ಆದರೂ ಅಂಜಿಕಿ. ಹೆಸರು ಹೇಳಿದರ ಅದೂ ಹೊರಗ ಬರತಿತ್ತು. ಅದಕ್ಕ ‘ನಾನ’ ಅಂದೆ.”

ಮೊದಲು ಅಂಜಿಕೆಯಿಂದ ಹೇಳಿದ ‘ನಾನೇ’. ಆಮೇಲೆ ರೂಢಿಯಿಂದ ‘ನಾನೇ’. ಅಂಗಡಿ ಬೆಳೆಸಿದವನು ನಾನೇ, ಮನೆ ಕಟ್ಟಿದವನು ನಾನೇ, ಮೊಮ್ಮಗಳನ್ನು ಮೊದಲ ಸ್ಥಾನಕ್ಕೆ ತಂದವನೂ ನಾನೇ. ಸುಳ್ಳಿನ ಗುಣವೇ ಅದು ನೋಡಿ, ನೆಂಟನ ಹಾಗೆ ಬರುತ್ತದೆ, ಬಹಳ ದಿನ ಉಳಿದರೆ ಮನೆಯ ಯಜಮಾನನೇ ಆಗಿಬಿಡುತ್ತದೆ.

“ಹೆಸರು ಹೇಳ್ರಿ ಸಾವಕಾರ್ರ,” ಎಂದರು ಅಕ್ಕೋರು.

ಈಗ ಬರುತ್ತದೆ ಆ ಹೆಸರು. ಸಾಹುಕಾರ ಹಿಂದಿನ ಸಾಲಿಗೂ ಕೇಳುವ ಹಾಗೆ ಹೇಳಿದ: “ಖಮರುನ್ನೀಸಾ.”

ಮೂರನೆಯ ಸಾಲಿನಲ್ಲಿ ತೂಕಡಿಸುತ್ತಿದ್ದ ಒಬ್ಬ ಮುದುಕಿ ಗಾಬರಿಯಾಗಿ ಎದ್ದು ನಿಂತಳು. ಅವಳ ಮೊಮ್ಮಗ ಅದೇ ಶಾಲೆಯಲ್ಲಿ ಮೂರನೆಯ ತರಗತಿ. “ಯಾಕ್ರಿ ಅಕ್ಕೋರ? ನಮ್ಮ ಹುಡುಗ ಮತ್ತೇನು ಮುರದಾನ?”

ಸಭೆಯೆಲ್ಲ ನಕ್ಕಿತು. ವಿಷಯ ಏನೆಂದು ಅಕ್ಕೋರು ಬಿಡಿಸಿ ಹೇಳಿದರು. ಮುದುಕಿ ಸೆರಗು ಸರಿಮಾಡಿಕೊಂಡಳು. “ಲೆಕ್ಕ ಕಲಿಸೀನಾ? ನಾನಾ? ನನಗ ನೆನಪ ಇಲ್ರಿ. ಅವರ ಕಟ್ಟಿ ಮ್ಯಾಲ ಕೂಡತಿದ್ದೆ, ಅದು ಖರೆ. ಅವರವ್ವ ತೆಂಗಿನ ಹಾಲಿನ ಹಲ್ವಾ ಕೊಡತಿದ್ದಳು. ಅದರ ರುಚಿ ಇನ್ನೂ ನೆನಪದ.”

ಕೇಳಿದಿರಾ? ಕೊಟ್ಟವಳಿಗೆ ಕೊಟ್ಟದ್ದೇ ನೆನಪಿಲ್ಲ, ತಿಂದ ಹಲ್ವಾ ನೆನಪಿದೆ. ತೆಗೆದುಕೊಂಡವನು ಒಂದು ದಿನವೂ ಮರೆತಿಲ್ಲ, ಆದರೆ ಬಾಯಿ ಬಿಟ್ಟಿಲ್ಲ. ಆ ಇಬ್ಬರಲ್ಲಿ ಐವತ್ತು ವರ್ಷ ಹಗುರವಾಗಿ ಬದುಕಿದವರು ಯಾರು? ನೀವೇ ಹೇಳಿ.

ಸಾಹುಕಾರ ಆ ಮುದುಕಿಯ ಮುಂದೆ ಹೋಗಿ ಕೈ ಮುಗಿದ. ಅವನಿಗೆ ಅಳು ಬಂತು, ಮುಚ್ಚಿಡಲಿಲ್ಲ. ಅಕ್ಕೋರು ಅವನಿಗೆ ಅವನ ಕಾರ್ಡು ಕೊಟ್ಟರು, ಏಳನೆಯ ತರಗತಿ ಪಾಸು. ಆಮೇಲೆ ಮೊಮ್ಮಗಳ ಕಡೆ ತಿರುಗಿದ ಅಜ್ಜ ಹೇಳಿದ: “ನೀ ಹೇಳವ್ವ. ನನ್ನ ಹೆಸರು ಬ್ಯಾಡ. ಇದ್ದದ್ದು ಹೇಳು.” ಹುಡುಗಿ ಬೆಂಚಿನಲ್ಲಿ ತನ್ನ ಪಕ್ಕ ಕೂರುವ ಗೆಳತಿಯ ಹೆಸರು ಹೇಳಿದಳು, ಅಕ್ಕೋರು ಅವಳ ಕಾರ್ಡನ್ನೂ ಕೊಟ್ಟರು. ಆ ಗೆಳತಿ ವೇದಿಕೆಗೆ ಓಡಿ ಬಂದು ಅವಳನ್ನು ಅಪ್ಪಿಕೊಂಡಳು. ಪರಾತದ ಅವಲಕ್ಕಿಯನ್ನು ಮೊದಲು ಖಮರುನ್ನೀಸಾಳ ಕೈಗೆ ಹಾಕಿದರು. ಸಾಹುಕಾರನಿಗೆ ಅವಳು ತನ್ನ ಕೈಯಿಂದ ಅರ್ಧ ಕೊಟ್ಟಳು.

ಕಥೆ ಇಷ್ಟೇ. ಕಥೆ ಕೇಳಿ ಕಣ್ಣೊರೆಸಿಕೊಂಡು ಮನೆಗೆ ಹೋಗಿ ಮಲಗುವುದು ಸುಲಭ. ಹಾಗೆ ಬಿಡುವವನಲ್ಲ ನಾನು.

ನಾಳೆ ಮಗ ಕಾರ್ಡು ತಂದರೆ ಮೊದಲು ಏನು ಕೇಳುತ್ತೀರಿ? ‘ಎಷ್ಟು ಬಿತ್ತು?’ ಆಮೇಲೆ? ‘ಬಾಜೂ ಮನೆಯವನಿಗೆ ಎಷ್ಟು ಬಿತ್ತು?’ ಇನ್ನು ಮುಂದೆ ಮೊದಲು ಕೇಳಬೇಕಾದದ್ದು ‘ಯಾರು ಕಲಿಸಿದರು?’ ಮಗು ಯಾರ ಹೆಸರು ಹೇಳುತ್ತದೋ ಅವರ ಮನೆಗೆ ಅದರ ಕೈ ಹಿಡಿದು ಹೋಗಿ. ಬಂಗಾರ ಒಯ್ಯಬೇಡಿ, ಒಂದು ಹಿಡಿ ಅವಲಕ್ಕಿ ಒಯ್ಯಿರಿ. ಮಗುವಿನ ಬಾಯಿಂದಲೇ ‘ನಿಮ್ಮಿಂದ ಕಲಿತೆ’ ಎಂದು ಹೇಳಿಸಿ. ಮಗು ನಿಮ್ಮ ಹೆಸರು ಹೇಳಲಿಲ್ಲವೇ? ಮುಖ ಸಣ್ಣ ಮಾಡಬೇಡಿ. ನಿಮಗೂ ಹೇಳಬೇಕಾದ ಒಂದು ಹೆಸರು ಉಳಿದಿರುತ್ತದೆ, ಅದನ್ನು ಹುಡುಕಿ. ಫ್ಲೆಕ್ಸು ಹಾಕಲೇಬೇಕೇ? ಹಾಕಿ. ಆ ಹೆಸರನ್ನು ಮೇಲೆ ಬರೆಸಿ.

ಊರಿಗೆ ಬುದ್ಧಿ ಹೇಳುವ ನಾನು? ಈ ಕಥೆ ನನ್ನದಲ್ಲ. ಮಿರಜಿನ ಆಸ್ಪತ್ರೆಯಲ್ಲಿ ನಾನು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಾಗ ಹೇಳಿದವರು ಅಲ್ಲಿನ ನರ್ಸು ಮಿಲ್ಕಾ ಬಾಯಿ, ಆ ಶಾಲೆಯಲ್ಲೇ ಓದಿದವರು. ಆರು ವರ್ಷದಿಂದ ಊರೂರಲ್ಲಿ ಹೇಳಿ ಚಪ್ಪಾಳೆ ಹೊಡೆಸಿಕೊಂಡಿದ್ದೇನೆ, ಅವರ ಹೆಸರನ್ನು ಹೇಳಿದ್ದು ಇವತ್ತೇ ಮೊದಲು. ನಾಚಿಕೆಯಾಗುತ್ತದೆ. ಇನ್ನೊಂದು ಹೆಸರಿದೆ. ‘ಅಪ್ಪಾರ ದನಿ ಗಂಟೆ ಇದ್ದಂಗ ಅದ’ ಎಂದು ನೀವೆಲ್ಲ ಹೊಗಳುತ್ತೀರಲ್ಲ, ನಾನು ‘ಗುರುಕೃಪೆ’ ಎಂದು ಸುಮ್ಮನಾಗುತ್ತೇನೆ. ನಿಜ ಕೇಳಿ. ಚಿಕ್ಕವನಿದ್ದಾಗ ನನಗೆ ಉಗ್ಗು. ನಾಲ್ಕು ಜನರ ಮುಂದೆ ಮಾತು ಹೊರಡುತ್ತಿರಲಿಲ್ಲ. ಈ ಊರಿನ ಹಿಟ್ಟಿನ ಗಿರಣಿಯಲ್ಲಿ ಒಬ್ಬರು ನನ್ನನ್ನು ದಿನಾ ಜೋಳದ ಚೀಲದ ಮೇಲೆ ನಿಲ್ಲಿಸಿ, ‘ಗಿರಣಿ ಸಪ್ಪಳದ ಮ್ಯಾಲ ನನಗ ಕೇಳಬೇಕು, ಹಂಗ ಓದು’ ಎನ್ನುತ್ತಿದ್ದರು. ಎರಡು ವರ್ಷ ಓದಿಸಿದರು. ಅವರು ಫಕ್ಕೀರಪ್ಪ. ಅಗೋ, ಆ ಕಂಬಕ್ಕೆ ಒರಗಿ ಕೂತಿದ್ದಾರೆ. ಏಳಬ್ಯಾಡ್ರಿ ಫಕ್ಕೀರಪ್ಪನವರ, ಮೊಣಕಾಲು ನೋವು ನನಗೆ ಗೊತ್ತದ. ಕೂತಲ್ಲೇ ಕೇಳ್ರಿ. ನನಗೆ ಮಾತು ಕಲಿಸಿದವರು ನೀವು.

ಹೇಳಿದೆ. ಎದೆ ಹಗುರಾಯಿತು.

ಇವತ್ತಿನ ಪ್ರಸಾದ ಅವಲಕ್ಕಿ, ಬೆಲ್ಲ, ತೆಂಗಿನಕಾಯಿ. ಬಾಗಿಲಲ್ಲಿ ನಾನೇ ನಿಂತು ಕೊಡುತ್ತೇನೆ. ಕೈ ಮುಂದೆ ಚಾಚಿದವರೆಲ್ಲ ಒಂದು ಹೆಸರು ಹೇಳಬೇಕು. ಹೇಳಿದರೆ ಪ್ರಸಾದ. ಫಕ್ಕೀರಪ್ಪನವರಿಗೆ ಮೊದಲು ಕೊಟ್ಟು ಬರುತ್ತೇನೆ, ಅಷ್ಟರಲ್ಲಿ ನಿಮ್ಮ ನಿಮ್ಮ ಹೆಸರು ನೆನಪು ಮಾಡಿಕೊಳ್ಳಿ.