ಮಲಕಾಜಪ್ಪನನ್ನು ನೋಡಿ ನಕ್ಕವರಿಗೆ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಹಿರಿಯರೇ, ಬಾಗಲಕೋಟೆಯಿಂದ ಮುಖ್ಯ ಅತಿಥಿಗಳಾಗಿ ಬಂದಿರುವ ಚಲನಚಿತ್ರ ನಿರ್ಮಾಪಕ ಹಣಮೇಶ ಅವರೇ, ಇಷ್ಟು ದೊಡ್ಡ ಕುರ್ಚಿ ಕೊಟ್ಟರೂ ಅದರ ತುದಿಯಲ್ಲೇ ಕುಳಿತಿರುವ ನಮ್ಮ ಅಮಸಿದ್ದಪ್ಪ ಮಾಸ್ತರರೇ, ಮುಂದಿನ ಸಾಲಿನಲ್ಲಿರುವ ಅವರ ಧರ್ಮಪತ್ನಿ ಹುಚ್ಚವ್ವಕ್ಕನವರೇ, ಇಳಕಲ್ಲ, ಹುನಗುಂದ, ಕಮತಗಿಯಿಂದ ಕೆಲಸ ಬಿಟ್ಟು ಬಂದಿರುವ ಸಭಿಕರೇ, ತಾಯಂದಿರೇ,

ನನ್ನ ಹೆಸರು ದೌಲತಬಿ. ಇದೇ ಇಳಕಲ್ಲಿನವಳು. ಕೂದಲು ಬೆಳ್ಳಗಾದವರಿಗೆ ನನ್ನ ಗುರುತು ಇರಬಹುದು. ಕಂಪನಿ ನಾಟಕದಲ್ಲಿ ಇಪ್ಪತ್ತು ವರ್ಷ ನಾನು ಅಮಸಿದ್ದಪ್ಪನವರ ಹೆಂಡತಿಯಾಗಿದ್ದೆ. ರಂಗದ ಮೇಲೆ, ತಾಯಿ, ರಂಗದ ಮೇಲೆ! ಹುಚ್ಚವ್ವಕ್ಕನೇ ನಗುತ್ತಿರುವಾಗ ನೀವೇಕೆ ಒಬ್ಬರ ಮುಖ ಒಬ್ಬರು ನೋಡುತ್ತೀರಿ?

ಸಂಘಟಕರು ನನಗೆ ಹೇಳಿದ್ದಿಷ್ಟು: "ಅಮ್ಮಾರ, ಐದ ನಿಮಿಷ ಮಾತಾಡ್ರಿ. ನಾಕ ಜೋಕ್ ಹೇಳಿ ಬಿಟ್ಟಬಿಡ್ರಿ." ಹಾಸ್ಯನಟನ ಸನ್ಮಾನ ಎಂದಮೇಲೆ ಜೋಕು ಬೇಕಲ್ಲ! ಕ್ಷಮಿಸಬೇಕು, ನಾನು ಇವತ್ತು ಜೋಕು ತಂದಿಲ್ಲ. ಮನೆಯಿಂದ ಹೊರಡುವಾಗ ನನ್ನ ಹತ್ತಿರ ಸಿಟ್ಟು ಬಿಟ್ಟು ಬೇರೇನೂ ಇರಲಿಲ್ಲ.

ನನ್ನ ಬೆನ್ನ ಹಿಂದಿನ ಬ್ಯಾನರ್ ನೋಡಿ. "ನಗೆ ಚಕ್ರವರ್ತಿ" ಎಂದು ಬರೆದಿದ್ದಾರೆ. ಕೆಳಗೆ ಅಮಸಿದ್ದಪ್ಪನವರ ಚಿತ್ರ. ಕಾಲು ಮೇಲೆ, ತಲೆ ಕೆಳಗೆ, ನಾಲಗೆ ಹೊರಗೆ. ಸನ್ಮಾನ ಮಾಡಲು ಕರೆದ ಮನುಷ್ಯನ ತಲೆಯನ್ನು ಮೇಲಿಡಬೇಕು ಎಂದು ಇಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ? ನಿಮ್ಮ ತಂದೆಯ ಷಷ್ಟ್ಯಬ್ದಿಗೆ ಇಂಥ ಚಿತ್ರ ಹಾಕಿಸುತ್ತಿದ್ದಿರಾ?

ಇವರು ಯಾರು ಎಂದು ತಿಳಿಯದ ಮಕ್ಕಳಿಗಾಗಿ ಹೇಳುತ್ತೇನೆ. ಮರೋಳದ ಕುರಿಗಾರರ ಮನೆಯ ಮಗ. ಬೀರಪ್ಪನ ಗುಡಿಯಲ್ಲಿ ಡೊಳ್ಳಿನ ಹಾಡು ಹಾಡಿ ಬೆಳೆಸಿಕೊಂಡ ಕಂಠ. ಕಂಪನಿಯಲ್ಲಿ ಇವರು ಹಾಸ್ಯಪಾತ್ರ ಮಾಡುತ್ತಿದ್ದರು, ನಿಜ. ಆದರೆ ಆ ಹಾಸ್ಯ ಎಂಥದ್ದು? ಒಂದು ನಾಟಕದಲ್ಲಿ ಇವರು ಸಂತೆಯಿಂದ ನನಗೆ ಸೀರೆ ತರಬೇಕು; ಕುರಿ ಹೊಡೆದುಕೊಂಡು ಬರುತ್ತಾರೆ. ನಾನು ಸೊಂಟದ ಮೇಲೆ ಕೈಯಿಟ್ಟು "ಸೀರಿ ಎಲ್ಲಿ?" ಎಂದು ಕೇಳುತ್ತೇನೆ. ಇವರು ಕುರಿಯನ್ನು ನೋಡುತ್ತಾರೆ. ನನ್ನನ್ನು ನೋಡುತ್ತಾರೆ. ಮತ್ತೆ ಕುರಿಯನ್ನು ನೋಡಿ, "ಇದು ಏನೂ ಕೇಳಂಗಿಲ್ಲ ನೋಡು" ಅನ್ನುತ್ತಾರೆ. ಅಷ್ಟೇ. ಬಾದಾಮಿಯ ಕ್ಯಾಂಪಿನಲ್ಲಿ ಈ ಮಾತಿಗೆ ನಕ್ಕ ಜನ ನನ್ನ ಮುಂದಿನ ಮಾತಿಗೆ ಜಾಗವನ್ನೇ ಕೊಡುತ್ತಿರಲಿಲ್ಲ. ಇವರು ಬೀಳಲಿಲ್ಲ, ಒದೆಸಿಕೊಳ್ಳಲಿಲ್ಲ, ನಾಲಗೆ ಹೊರಗೆ ಹಾಕಲಿಲ್ಲ. ಸುಮ್ಮನೆ ನಿಂತರು, ಜನ ಕಾದರು, ಇವರು ಮಾತಾಡಿದ ಮೇಲೆ ನಕ್ಕರು.

ಐವತ್ತು ದಾಟಿದ ಮೇಲೆ ಇವರನ್ನು ಸಿನಿಮಾ ಕರೆಯಿತು. ನಾವೆಲ್ಲ ಹಿಗ್ಗಿದೆವು. ಮೊದಲ ಚಿತ್ರದಲ್ಲಿ ನಾಯಕ ಇವರ ಕೆನ್ನೆಗೆ ಹೊಡೆಯುತ್ತಾನೆ, ಇವರು ಕೆಸರಿನ ಹೊಂಡಕ್ಕೆ ಬೀಳುತ್ತಾರೆ. ಚಿತ್ರ ಓಡಿತು. ಆಮೇಲಿನ ಎಲ್ಲ ಚಿತ್ರಗಳಲ್ಲೂ ಇವರದು ಅದೇ ಕೆಲಸ. ಬಾವಿಗೆ ಬಿದ್ದರು, ತಿಪ್ಪೆಗೆ ಬಿದ್ದರು, ಮದುವೆಯ ಹಂದರದ ಮೇಲಿನಿಂದ ಸಾರಿನ ಪಾತ್ರೆಗೆ ಬಿದ್ದರು. ಪಾತ್ರಗಳಿಗೆ ಮನುಷ್ಯರ ಹೆಸರೂ ಇರಲಿಲ್ಲ. ಒಂದರಲ್ಲಿ ಗಡಗಿ, ಇನ್ನೊಂದರಲ್ಲಿ ಉಳ್ಳಾಗಡ್ಡಿ. ಮಾತಿಗೊಮ್ಮೆ "ಲೇ ಮಗನ" ಸೇರಿಸಿ, ಅದು ನಿಮ್ಮ ಕಡೆಯ ಭಾಷೆ ಎಂದು ಬೆಂಗಳೂರಿನ ಸಂಭಾಷಣೆಕಾರರು ಇವರಿಗೇ ಪಾಠ ಹೇಳಿದರು. "ನಮ್ಮ ಕಡೆ ಮನ್ಯಾಗ ಹಿಂಗ ಯಾರೂ ಮಾತಾಡಂಗಿಲ್ರಿ" ಎಂದು ಇವರು ಹೇಳಿದರೆ, "ಜನ ನಗ್ತಾರೆ ಸಾರ್, ಅಷ್ಟು ಸಾಕು" ಎಂಬ ಉತ್ತರ.

ಕಲಾದಗಿಯಲ್ಲಿ ಏನಾಯಿತು ಎಂಬುದು ಈ ಸನ್ಮಾನಪತ್ರದಲ್ಲಿ ಇಲ್ಲ. ಘಟಪ್ರಭೆಯ ದಂಡೆಯಲ್ಲಿ ಚಿತ್ರೀಕರಣ. ಮೆಟ್ಟಿಲ ಮೇಲಿನಿಂದ ಜಾರಿ ಬೀಳುವ ದೃಶ್ಯ. ಎರಡು ಸಲ ಬಿದ್ದರು, ನಿರ್ದೇಶಕರಿಗೆ ಸಮಾಧಾನವಾಗಲಿಲ್ಲ. ಮೂರನೇ ಸಲ ಬಿದ್ದಾಗ ಸೊಂಟದ ಮೂಳೆ ಮುರಿಯಿತು. "ಅಯ್ಯೋ" ಎಂದರು. ಸುತ್ತ ನಿಂತವರು ನಕ್ಕರು. "ಅಯ್ಯೋ, ಎತ್ರಪಾ" ಎಂದರು. ಇನ್ನೂ ಜೋರಾಗಿ ನಕ್ಕರು. ಕ್ಯಾಮೆರಾ ನಿಂತ ಮೇಲೂ ಒಬ್ಬರೂ ಹತ್ತಿರ ಬರಲಿಲ್ಲ. ಮಾಸ್ತರರು ಇನ್ನೂ ನಟಿಸುತ್ತಿದ್ದಾರೆ ಎಂದುಕೊಂಡು ಮೊಬೈಲಿನಲ್ಲಿ ಹಿಡಿಯುತ್ತಿದ್ದರಂತೆ. ಕೊನೆಗೆ ಬಟ್ಟೆ ಒಗೆಯಲು ಬಂದ ಹೆಣ್ಣುಮಕ್ಕಳು ಓಡಿಬಂದು ಎತ್ತಿದರು. ಬಾಗಲಕೋಟೆಯ ದವಾಖಾನೆಗೆ ನಾನು ಹೋದಾಗ ಇವರು ಕೇಳಿದ ಮೊದಲ ಮಾತು ಯಾವುದು ಗೊತ್ತೇ? "ದೌಲತಬಿ, ಆ ಶಾಟ್ ಓಕೆ ಆತಂತೇನು?"

ಆ ದಿನ ಹುಚ್ಚವ್ವಕ್ಕ ನನ್ನನ್ನು ವರಾಂಡಕ್ಕೆ ಕರೆದು, "ಇನ್ನ ಸಾಕು ಅಂತ ನೀ ಹೇಳವ್ವಾ, ನನ್ನ ಮಾತ ಕೇಳಂಗಿಲ್ಲ" ಎಂದರು. ನಾನು ಹೇಳಿದೆ. ಇವರು ಒಪ್ಪಿದರು. ಮರೋಳಕ್ಕೆ ಹೋಗಿ ಮನೆಯಲ್ಲಿ ಕುಳಿತರು.

ಹಾಗೆ ಕುಳಿತವರನ್ನು ಹುಡುಕಿಕೊಂಡು ಬಂದವನು ನಿಂಗರಾಜ. ಬಾದಾಮಿಯ ಹುಡುಗ, ನಿರ್ದೇಶಕನಾಗಬೇಕೆಂದು ವರ್ಷಗಟ್ಟಲೆ ಅಲೆದವನು. ಅವನು ಒಂದು ಕಥೆ ಬರೆದಿದ್ದ. ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗಿ, ಹೊಸ ಬಡಾವಣೆಗೆ ಬಂದು ಬದುಕುತ್ತಿರುವ ಮಲಕಾಜಪ್ಪ ಎಂಬ ಮುದುಕನ ಕಥೆ. ಅವನ ಹೆಂಡತಿ ಸಾಯುತ್ತಾಳೆ. ತನ್ನ ತಾಯಿಯ ಪಕ್ಕದಲ್ಲೇ ತನ್ನನ್ನು ಹೂಳಬೇಕೆಂದು ಕೇಳಿಕೊಂಡಿರುತ್ತಾಳೆ, ಇವನು ಮಾತು ಕೊಟ್ಟಿರುತ್ತಾನೆ. ಆದರೆ ಆ ಜಾಗ ನೀರಿನ ಕೆಳಗಿದೆ. ಹೆಣವನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಅವನು ನೀರಿನ ದಂಡೆಗೆ ಬರುತ್ತಾನೆ.

ಅದೇ ದಿನ ಇವರು ನನಗೆ ಫೋನ್ ಮಾಡಿದರು. "ದೌಲತಬಿ, ಈ ಸಲ ನನ್ನ ಪಾತ್ರಕ್ಕ ಹೆಸರೈತಿ. ಮಲಕಾಜಪ್ಪ. ನಿನಗೂ ಒಂದ ಪಾತ್ರ ಐತಿ. ಮಾತಿಲ್ಲ."

"ಮಾತಿಲ್ಲದ ಪಾತ್ರ ಯಾವದ್ರೀ ಮಾಸ್ತರ?"

"ಹೆಣ."

ನಗಿ, ಇದಕ್ಕೆ ನಗಬಹುದು. ನಾನೂ ನಕ್ಕೆ. ನನ್ನ ತಂಗಿ ಗುಲಾಬಬಿ ಮಾತ್ರ, "ಬದುಕಿದ್ದಾಗ ಹೆಣ ಆಗಾಕ ಹೊಂಟೀಯೇನ? ಹುಚ್ಚಿ!" ಎಂದು ಬೈದಳು. ಇಳಕಲ್ಲ ಸೀರೆ ಉಡಿಸಿ, ಹಣೆತುಂಬ ಕುಂಕುಮ ಹಚ್ಚಿ, ನೀರಿನ ದಂಡೆಯಲ್ಲಿ ನನ್ನನ್ನು ಮಲಗಿಸಿದರು. ಬೆಳಗಿನ ಬಿಸಿಲು ಕಣ್ಣ ರೆಪ್ಪೆಯ ಮೇಲೆ ಬೀಳುತ್ತಿತ್ತು. ನಿಂಗರಾಜ ಪುಟಗಟ್ಟಲೆ ಸಂಭಾಷಣೆ ಬರೆದುಕೊಂಡು ಬಂದಿದ್ದ. ಇವರು ಅದನ್ನು ಓದಿ, "ಇಷ್ಟ ಮಾತಾಡೂ ಶಕ್ತಿ ಅವನಿಗೆ ಎಲ್ಲೈತಿ ತಮ್ಮಾ?" ಎಂದು ಹಿಂದಕ್ಕೆ ಕೊಟ್ಟರು. ಆಮೇಲೆ ನನ್ನ ಪಕ್ಕದಲ್ಲಿ ಕುಳಿತರು. ಬಹಳ ಹೊತ್ತು ಏನೂ ಹೇಳಲಿಲ್ಲ. ನೀರಿನ ಸಪ್ಪಳ ಒಂದೇ. ಅನಂತರ ಮೆಲ್ಲಗೆ ಅಂದರು:

"ನಿಮ್ಮವ್ವನ ಮಗ್ಗಲ ಮಲಗಸ್ತೇನಿ ಅಂತ ಮಾತ ಕೊಟ್ಟಿದ್ದೆ. ನಿಮ್ಮವ್ವ ನೀರಾಗ ಅದಾಳ. ನಿನಗರೆ ಈಜಾಕ ಬರಂಗಿಲ್ಲ. ಹೆಂಗ ಮಾಡೂನು?"

ಸಭಿಕರೇ, ಮುಚ್ಚಿದ ಕಣ್ಣಿನಿಂದ ನನಗೆ ನೀರು ಬಂತು. ಹೆಣ ಅಳುತ್ತಿದೆ ಎಂದು ಚಿತ್ರೀಕರಣ ನಿಲ್ಲಿಸಬೇಕಾಯಿತು. ನಿಂಗರಾಜನಿಗೆ ಬೈಯಲೂ ಆಗಲಿಲ್ಲ, ಅವನೂ ಅಳುತ್ತಿದ್ದ. ಇಪ್ಪತ್ತು ವರ್ಷ ರಂಗದ ಮೇಲೆ ನಾವು ಗಂಡಹೆಂಡಿರಾಗಿದ್ದೆವು, ಆದರೆ ಹಾಸ್ಯದ ಜೋಡಿಗೆ ಜಗಳ ಬಿಟ್ಟು ಬೇರೆ ಮಾತನ್ನು ನಾಟಕ ಬರೆಯುವ ಯಾವ ಕವಿಯೂ ಬರೆಯಲಿಲ್ಲ. ಇವರು ನನ್ನೊಡನೆ ಮೆತ್ತಗೆ ಮಾತಾಡಿದ್ದು ಅದೇ ಮೊದಲು. ಅದನ್ನು ಕೇಳಲು ನಾನು ಸಾಯಬೇಕಾಯಿತು. ಇರಲಿ. ಈ ಮಾತು ಇಲ್ಲಿ ಬೇಕಾಗಿರಲಿಲ್ಲ. ಎಲ್ಲಿದ್ದೆ ನಾನು? ಹಾಂ, ಸಿನಿಮಾ.

ಚಿತ್ರ ಮುಗಿಯಿತು. ನಿರ್ಮಾಪಕರು ಹಣಮೇಶ ಅವರು. ಕೆಲವು ಜನರನ್ನು ಕರೆದು ಮೊದಲ ಪ್ರದರ್ಶನ ಮಾಡಿದರು. ಅಲ್ಲಿ ನಡೆದದ್ದನ್ನು ಚಿತ್ರ ಬಿಡುಗಡೆಯಾದ ಮೇಲೆ ಅವರೇ ನನಗೆ ಫೋನಿನಲ್ಲಿ ಹೇಳಿದ್ದಾರೆ: "ಅಮ್ಮಾರ, ಮಾಸ್ತರ್ ತೆರಿ ಮ್ಯಾಲ ಬಂದ ಕೂಡ್ಲೇ ಜನ ನಕ್ಕಬಿಟ್ರು. ಅವರು ಇನ್ನೂ ಬಾಯಿ ತೆಗದಿದ್ದಿಲ್ಲ! ನಾ ಏನ ಮಾಡ್ಲಿ? ನಗೂ ಜನಕ್ಕ ನಗಾಕ ಒಂದ ಜಾಗಾ ಮಾಡಿಕೊಟ್ಟೆ."

ಎಂಥ ಉಪಕಾರ! ನಿಂಗರಾಜ ಚಿತ್ರಕ್ಕೆ ಇಟ್ಟಿದ್ದ "ಮಲಕಾಜಪ್ಪ" ಎಂಬ ಹೆಸರು ಕಿತ್ತು "ಮುದುಕನ ಮುಳುಗಾಟ" ಎಂದಿಟ್ಟರು. ನಿಂಗರಾಜ ಬೇಡಿಕೊಂಡ, ಜಗಳಾಡಿದ, ಕೊನೆಗೆ ತನ್ನ ಹೆಸರು ತೆಗೆಸಿಕೊಂಡು ಹೋದ. ಈಗ ಬಾದಾಮಿಯಲ್ಲಿ ಮದುವೆಗಳ ವಿಡಿಯೋ ತೆಗೆಯುತ್ತಾನೆ. ಅಮಸಿದ್ದಪ್ಪನವರಿಗೆ ಯಾರೂ ಏನೂ ತಿಳಿಸಲಿಲ್ಲ. ನನಗೂ ಇಲ್ಲ.

ಬಿಡುಗಡೆಯ ದಿನ ಬಾಗಲಕೋಟೆಯ ಚಿತ್ರಮಂದಿರಕ್ಕೆ ಮಧ್ಯಾಹ್ನದ ಆಟಕ್ಕೆ ಮಾಸ್ತರರು, ಹುಚ್ಚವ್ವಕ್ಕ, ನಾನು ಮೂವರೂ ಹೋದೆವು. ಇವರು ಹೊಸ ಧೋತರ ಉಟ್ಟಿದ್ದರು. ಆ ದೃಶ್ಯ ಬಂತು. ನೀರು, ದಂಡೆ, ಮಲಗಿರುವ ನಾನು, ಪಕ್ಕದಲ್ಲಿ ಇವರು. "ನಿನಗರೆ ಈಜಾಕ ಬರಂಗಿಲ್ಲ" ಎಂದು ಇವರು ಹೇಳಿದ್ದೇ ತಡ, "ಟೊಂಯ್" ಎಂದು ಒಂದು ಸಪ್ಪಳ! ಸರ್ಕಸ್ಸಿನಲ್ಲಿ ಬಾರಿಸುತ್ತಾರಲ್ಲ, ಅಂಥದ್ದು. ಚಿತ್ರಮಂದಿರವೇ ಹಾರಿಹೋಗುವಂತೆ ನಗು. ಅದು ನಿಲ್ಲುವ ಮೊದಲೇ, ಬೆನ್ನು ಮಾತ್ರ ಕಾಣುವ ಯಾವನೋ ಒಬ್ಬ ಇವರ ಹಾಗೆ ರುಮಾಲು ಸುತ್ತಿಕೊಂಡು, ಕಾಲು ಜಾರಿ ದೊಪ್ಪನೆ ನೀರಿಗೆ ಬಿದ್ದ. ಮತ್ತೆ "ಟೊಂಯ್".

ಕತ್ತಲಲ್ಲಿ ಇವರು ನನ್ನನ್ನು ಕೇಳಿದರು: "ಅಂವ ಯಾರು?"

ಹುಚ್ಚವ್ವಕ್ಕ ಎದ್ದು ನಿಂತು ಕೂಗಿದರು: "ಏ, ಯಾಕ ನಗ್ತೀರಿ? ಆಕಿ ಸತ್ತಾಳ! ಕಣ್ಣ ಕಾಣಂಗಿಲ್ಲೇನ ನಿಮಗ?" ಜನ ಇದಕ್ಕೂ ನಕ್ಕರು. ಇವರು ಹೆಂಡತಿಯ ಕೈ ಹಿಡಿದು ಎಳೆದರು. "ಕೂಡು, ಹುಚ್ಚವ್ವಾ. ಅವರದೇನ ತಪ್ಪಿಲ್ಲ. ಬಾಜಾ ಹಂಗ ಬಾರಿಸ್ಯಾರ."

ನಿಮ್ಮನ್ನು ಕ್ಷಮಿಸಿದರು ಅವರು. ನಾನು ಕ್ಷಮಿಸಿಲ್ಲ. ಅದೇನು, ನಿಮ್ಮ ಪೈಕಿ ಯಾರ ಮನೆಯಲ್ಲೂ ಹೆಣ ಎದ್ದಿಲ್ಲವೇ? ನಿಮ್ಮ ಪೈಕಿ ಯಾರ ಊರೂ ನೀರಿನಲ್ಲಿ ಮುಳುಗಿಲ್ಲವೇ? ಬೆಂಗಳೂರಿನವರು ನಕ್ಕರೆ ತಿಳಿಯದೆ ನಕ್ಕರು ಎನ್ನಬಹುದು. ನೀವು ಈ ನೀರು ಕುಡಿಯುವವರು! ಆ ಹಿನ್ನೀರಿನ ದಂಡೆಯಲ್ಲಿ ನಿಂತು ನಿಮ್ಮ ಅಜ್ಜ ಅಜ್ಜಿಯರು ಅತ್ತದ್ದನ್ನು ಕಂಡವರು! ಒಂದು ತಗಡಿನ ಸಪ್ಪಳ ನಗು ಎಂದರೆ ನಕ್ಕುಬಿಡುವುದೇ?

ಹೊರಗೆ ಬಂದಾಗ ಹುಡುಗರು ಇವರನ್ನು ಸುತ್ತುವರಿದರು. "ಕಾಕಾ, ಒಂದ ಸಲ ಬಿದ್ದ ತೋರಸ್ರಿ, ವಿಡಿಯೋ ಮಾಡ್ತೇವಿ!" ಮೂಳೆಗೆ ಸಲಾಕೆ ಹಾಕಿಸಿಕೊಂಡ ಮನುಷ್ಯನಿಗೆ! ಇವರು ಎಲ್ಲರ ಜೊತೆ ನಿಂತು ಫೋಟೋ ತೆಗೆಸಿಕೊಂಡರು. ಬಸ್ಸಿನಲ್ಲಿ ಹುನಗುಂದದವರೆಗೂ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು. ಇಳಿಯುವಾಗ ನನಗೆ ಒಂದೇ ಮಾತು ಹೇಳಿದರು: "ಹೆಸರ ಕೊಟ್ಟಿದ್ರು ನೋಡು. ಅದನ್ನೂ ತಗೊಂಡ್ರು."

ಆ ಚಿತ್ರ ಓಡಿತು. ಓಡಿದ್ದರಿಂದಲೇ ಈ ಸನ್ಮಾನ, ಈ ಬ್ಯಾನರ್. ಹಣಮೇಶ ಅವರು ಈಗತಾನೇ ನಿಮ್ಮೆದುರು ಎರಡನೇ ಭಾಗ ಘೋಷಿಸಿದರು. ನೀವು ಶಿಳ್ಳೆ ಹೊಡೆದಿರಿ. ನಿಮಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಲೇ? ಎರಡನೇ ಭಾಗದಲ್ಲಿ ನನಗೂ ಪಾತ್ರವಿದೆಯಂತೆ. ಆ ಹೆಂಡತಿ ದೆವ್ವವಾಗಿ ನೀರಿನಿಂದ ಎದ್ದು ಬಂದು ಮಲಕಾಜಪ್ಪನನ್ನು ಅಟ್ಟಿಸಿಕೊಂಡು ಹೋಗುತ್ತಾಳಂತೆ. ಹಣಮೇಶ ಅವರೇ, ಈ ಸಭೆಯಲ್ಲೇ ಉತ್ತರ ಕೊಡುತ್ತೇನೆ: ನಾನು ಮಾಡುವುದಿಲ್ಲ. ಮಾಸ್ತರರೂ ಮಾಡುವುದಿಲ್ಲ. ಅವರ ಪರವಾಗಿ ನಾನು ಹೇಗೆ ಹೇಳುತ್ತೇನೆ ಎಂದು ನಿಮಗೆ ಅನ್ನಿಸಬಹುದು. ಹೇಳಲು ಅವರೇ ಹೇಳಿದ್ದಾರೆ.

ಇವತ್ತು ಬೆಳಗ್ಗೆ ಇಬ್ಬರೂ ನನ್ನ ಮನೆಗೆ ಚಹಾಕ್ಕೆ ಬಂದಿದ್ದರು. ನನಗೆ ತಡೆಯಲಾಗಲಿಲ್ಲ. "ಅಂಥವರ ಕೈಲೆ ಶಾಲು ಹೊದಸ್ಕೋತೀರಿ? ನಿಮಗ ಸಿಟ್ಟ ಬರಂಗಿಲ್ಲೇನ್ರೀ ಮಾಸ್ತರ?" ಎಂದು ಕೇಳಿಯೇಬಿಟ್ಟೆ.

"ಬಂದೈತಿ," ಎಂದರು. "ಆದ್ರ ನಾ ಸಿಟ್ಟ ಮಾಡಿದ್ರೂ ನಗ್ತಾರ. ಅದಕ್ಕ ಸಿಟ್ಟ ನೀ ಮಾಡು. ನಾ ಮಲಕಾಜಪ್ಪನ ಪಾತ್ರ ಮಾಡ್ತೇನಿ. ಸಭಾದಾಗ, ಎಲ್ಲಾರ ಮುಂದ, ದಂಡಿ ಮ್ಯಾಲ ಹೇಳಿದ ಆ ಮಾತ ಒಮ್ಮೆ ಹೇಳ್ತೇನಿ. ಬಾಜಾ ಇರಂಗಿಲ್ಲಲ್ಲ ಅಲ್ಲಿ."

ಹುಚ್ಚವ್ವಕ್ಕ ತಮ್ಮ ಬುಟ್ಟಿಯಿಂದ ಒಂದು ಬಿಳಿ ಚಾದರ ತೆಗೆದು ನನ್ನ ಮುಂದೆ ಇಟ್ಟರು. "ಸ್ಟೇಜಿನ ಮ್ಯಾಲ ಧೂಳ ಇರತೈತಿ, ಹಾಸ್ಕೋ" ಎಂದರು.

ಆದ್ದರಿಂದ ನನ್ನ ಭಾಷಣ ಇಲ್ಲಿಗೆ ಮುಗಿಯಿತು. ಸಂಘಟಕರು ಹೇಳಿದ ಐದು ನಿಮಿಷ ಯಾವಾಗಲೋ ದಾಟಿದೆ, ಮನ್ನಿಸಬೇಕು. ಹಣಮೇಶ ಅವರೇ, ದಯವಿಟ್ಟು ಎದ್ದು ಆ ಟೀಪಾಯಿಯನ್ನು ಸ್ವಲ್ಪ ಬದಿಗೆ ಸರಿಸಿಕೊಡಿ. ನನಗೆ ಮಲಗಲು ಜಾಗ ಬೇಕು. ಮೈಕಿನವರೇ, ನಾನು ಮಾತು ಮುಗಿಸಿದ ಕೂಡಲೇ ಮೈಕ್ ಬಂದ್ ಮಾಡಿ. ಮಾಸ್ತರರ ಧ್ವನಿ ಕೊನೆಯ ಸಾಲಿನವರೆಗೂ ತಾನೇ ಬರುತ್ತದೆ. ಸಭಿಕರೇ, ಇವರು ಸುಮ್ಮನೆ ಕುಳಿತಿರುತ್ತಾರೆ, ಬಹಳ ಹೊತ್ತು. ನೀವೂ ಸುಮ್ಮನೆ ಇರಿ. ಮಾತು ಮುಗಿದ ಮೇಲೂ ನಗು ಬಂದರೆ ನಗಿ, ಅದು ನಿಮ್ಮ ನಗು. ಆಗ ನಾನು ಏನೂ ಅನ್ನುವುದಿಲ್ಲ.

ಈ ಮುದುಕಿಯ ಸಿಟ್ಟನ್ನು ಇಷ್ಟು ಹೊತ್ತು ಕುಳಿತು ಕೇಳಿದ್ದಕ್ಕೆ ಅಧ್ಯಕ್ಷರಿಗೂ ನಿಮಗೂ ದೊಡ್ಡ ಉಪಕಾರ. ಮೊಣಕಾಲು ಮಡಚಿ ಮಲಗಲು ನನಗೆ ಈಗ ಸ್ವಲ್ಪ ಹೊತ್ತು ಹಿಡಿಯುತ್ತದೆ. ಮಲಗಿದ ಮೇಲೆ ಕೈ ಮುಗಿಯಲು ಬರುವುದಿಲ್ಲ. ಅದಕ್ಕೇ ಈಗಲೇ ಮುಗಿಯುತ್ತೇನೆ.

ನಮಸ್ಕಾರ.