ರೇಷ್ಮಿ ಸುತ್ತಿದ ಗಾಳದ ಕೋಲು

ಇಳಕಲ್ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕೂತ ನೇಕಾರನ ತೊಡೆಯ ಮೇಲೆ ಹೊಸ ಗಾಳದ ಕೋಲಿತ್ತು. ದಾರ ಹಾಯುವ ಉಂಗುರಗಳನ್ನು ಕೆಂಪು ರೇಷ್ಮೆ ಸುತ್ತಿ ಬಿಗಿದಿದ್ದ. ಆಚೆ ಕೂತ ಹಿರಿಯರು ಮಾತಿಗೆಳೆದರು.

“ನೀನ ಕಟ್ಟೀಯೇನಪಾ ರಾಜಕುಮಾರ?”

“ಹೂಂರಿ ಮಾಮಾ, ಇದ ಮೊದಲನೇದು. ಕಲಾದಗ್ಯಾಗಿರೋ ಕಾಕಾಗ.”

“ಸೀರಿ ರೇಷ್ಮಿ ಏನ ಇದು?”

“ಹೌದ್ರಿ. ಎಳಿ ಮ್ಯಾಲೆ ಎಳಿ ಏರಿದ್ರ ಬಿಚ್ಚತಿದ್ದೆ. ನಾಕ ಸಲ ಬಿಚ್ಚಿದೆ.”

“ಮಗ್ಗದ ಚಾಳಿ.”

“ಮೀನ ಎಳಿ ನೋಡೂದಿಲ್ಲೋ, ಕೊಡು ಅಂತ ಕಾಕಾ ದೀಪಾವಳಿಯಾಗ ಅಂದಿದ್ದ. ಹೋದ ತಿಂಗಳ ಅವಂಗ ಲಕ್ವಾ ಹೊಡೀತು. ಬಲಗೈ ಏಳವಲ್ದು.”

“ಹಿಡಿಕಿ ಬಿಚ್ಚಿ ಎಡಗೈಗೆ ಹೊಂದಿಸಿ ಕಟ್ಟು.”

“ಇಲ್ರಿ. ಇನ್ನ ಬಿಚ್ಚೂದಿಲ್ಲ. ಹೆಂಗೈತಿ ಹಂಗ ಕೊಡ್ತೇನಿ.”

ಕಲಾದಗಿ ಕಡೆ ಹೋಗುವ ಬಾಗಲಕೋಟೆ ಬಸ್ಸು ಬಂತು. ಎದ್ದವನು ಕೋಲನ್ನು ಎಡಗೈಗೆ ಬದಲಿಸಿ, ಒಂದು ಸಲ ತೂಗಿ ನೋಡಿ, ಹತ್ತಿದ.